ತಮ್ಮನ ಕಾರಿನಲ್ಲಿ ನಾನು ಇಟ್ಟ ಉಪ್ಪು

ತುಕ್ಕನ್ನು ಮೊದಲು ಕಂಡವನು ನನ್ನ ತಮ್ಮ. ಒಂದು ಭಾನುವಾರ ಬೆಳಿಗ್ಗೆ ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು, ಒಳಗಿನ ಮ್ಯಾಟುಗಳನ್ನು ತೆಗೆದು ಬಿಸಿಲಿಗೆ ಹಾಕುತ್ತಿದ್ದ. ನಾನು ಮಾಳಿಗೆಯ ಮೇಲೆ ಗೋಡೆಗೆ ಮೊಣಕೈ ಊರಿ ನೋಡುತ್ತಿದ್ದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಓಣಿಗೆ ಆ ಹೊತ್ತಿನಲ್ಲಿ ಬಿಸಿಲು ಪೂರ್ತಿ ಇಳಿದಿರುವುದಿಲ್ಲ. ಎದುರು ಮನೆಯ ಗೋಡೆಯ ಅರ್ಧಕ್ಕೆ ಬಂದು ತೂಕಡಿಸುತ್ತ ನಿಂತಿರುತ್ತದೆ. ನನಗೂ ತೂಕಡಿಕೆಯೇ ಇತ್ತು. ಚಾಲಕನ ಸೀಟಿನ ಮುಂದಿನ ಕಾರ್ಪೆಟ್ ಎತ್ತಿದ ತಮ್ಮ ಬಗ್ಗಿದವನು ಬಗ್ಗಿಯೇ ಉಳಿದ. ಆಮೇಲೆ ಉಗುರಿನಿಂದ ಏನನ್ನೋ ಕೆರೆದು, ತಲೆ ಎತ್ತಿ ಕರೆದ.

"ಅಕ್ಕಾ, ಸ್ವಲ್ಪ ಕೆಳಗ ಬಾ. ಇಲ್ಲಿ ತಗಡು ಹಪ್ಪಳ ಆದಂಗ ಆಗೈತಿ."

ಒಲೆಯ ಮೇಲೆ ಹಾಲಿದೆ, ಆಮೇಲೆ ಬರುತ್ತೇನೆ ಎಂದೆ. ಒಲೆಯ ಮೇಲೆ ಏನೂ ಇರಲಿಲ್ಲ. ಆ ತುಕ್ಕು ಎಲ್ಲಿಂದ ಬಂತೆಂದು ನನಗೆ ನೋಡದೆಯೇ ಗೊತ್ತಾಗಿತ್ತು.

ನಾವಿಬ್ಬರೇ ಮನೆಯಲ್ಲಿ ಇರುವುದು. ಅವನು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಾನೆ. ನಾನು ಮನೆಯಲ್ಲಿ ಮಷಿನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟುಗಳಿಗೆ ಬೆಲ್ಟಿನ ಪಟ್ಟಿ ಹೊಲಿಯುತ್ತೇನೆ. ನಮ್ಮೂರು ಕುರುಗೋಡು. ಅಪ್ಪ ಅಲ್ಲಿ ಬಂಡೆಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದ, ಅವ್ವ ಮೆಣಸಿನಕಾಯಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ತಮ್ಮ ಹುಟ್ಟಿದಾಗ ನಾನು ಐದನೆಯ ತರಗತಿಯಲ್ಲಿದ್ದೆ. ಕೂಸನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು, ನನ್ನ ಶಾಲೆ ಅಲ್ಲಿಗೆ ನಿಂತಿತು. ಅವ್ವ ಕೆಲಸಕ್ಕೆ ಹೊರಡುವ ಮುನ್ನ ತೊಟ್ಟಿಲ ಕೌದಿಯ ಕೆಳಗೆ ಒಂದು ಹಿಡಿ ಕಲ್ಲುಪ್ಪು ಹಾಕುತ್ತಿದ್ದಳು. ಯಾರ ದೃಷ್ಟಿಯೂ ತಾಗಬಾರದು ಎಂದು. ಅವಳು ಹೋದ ಮೇಲೆ ನಾನು ತೊಟ್ಟಿಲ ಹಗ್ಗ ಹಿಡಿದು ಹೊರಗೆ ನೋಡುತ್ತ ಕೂರುತ್ತಿದ್ದೆ. ಶಾಲೆಗೆ ಹೋಗುವ ಮಕ್ಕಳ ಸದ್ದು ದೂರದಿಂದ ಬರುತ್ತಿತ್ತು. ಅದು ಈಗಲೂ ನನಗೆ ಕನಸಿನಲ್ಲಿ ಬರುತ್ತದೆ. ಮಕ್ಕಳು ಕಾಣುವುದಿಲ್ಲ, ಸದ್ದು ಮಾತ್ರ ಬರುತ್ತದೆ.

ಕಾರು ತಂದ ವಾರವೇ ಪೂಜೆಗೆಂದು ಕುರುಗೋಡಿನ ದೊಡ್ಡಬಸಪ್ಪನ ಗುಡಿಗೆ ಹೋದೆವು. ಅದಕ್ಕೆ ಮೊದಲು ಅವನು ಬೈಕಿನಲ್ಲಿ ಓಡಾಡುತ್ತಿದ್ದ, ಒಮ್ಮೆ ಬಿದ್ದು ಕೈ ಮುರಿದುಕೊಂಡಿದ್ದ. ಹಾಗಾಗಿ ಕಾರು ಬಂದಾಗ ನನಗೆ ಸಂತೋಷವೇ ಆಗಿತ್ತು. ಪೂಜೆ ಮುಗಿಸಿ ತಿರುಗಿ ಬರುವಾಗ ಹೊತ್ತು ಇಳಿಯುತ್ತಿತ್ತು. ರಸ್ತೆಯ ಆಚೆ ಕಣಗಳಲ್ಲಿ ಮೆಣಸಿನಕಾಯಿ ಒಣಗಲು ಹರಡಿದ್ದರು. ನೆಲವೂ ಆಕಾಶವೂ ಒಂದೇ ಕೆಂಪು. ಗಾಜು ಏರಿಸಿದ್ದರಿಂದ ಹೊರಗಿನ ಯಾವ ಸದ್ದೂ ಇರಲಿಲ್ಲ. ಗುಡ್ಡಗಳು ತಾವೇ ಮೆಲ್ಲಗೆ ಹಿಂದಕ್ಕೆ ನಡೆದು ಹೋಗುತ್ತಿವೆ ಎನ್ನಿಸುತ್ತಿತ್ತು. ತಮ್ಮ ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ಸಣ್ಣಗೆ ಗುನುಗುತ್ತಿದ್ದ.

ಆ ನಿಶ್ಶಬ್ದದಲ್ಲಿ ನನ್ನೊಳಗೆ ಒಂದು ಮಾತು ಎದ್ದಿತು. ಇದು ನನ್ನದಾಗಬೇಕಿತ್ತು ಎಂದು. ನಾನು ಆ ತೊಟ್ಟಿಲ ಹಗ್ಗ ಹಿಡಿದು ಕೂರದಿದ್ದರೆ ಆ ಸೀಟಿನಲ್ಲಿ ನಾನಿರುತ್ತಿದ್ದೆ, ಅವನಲ್ಲ. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಇವನಿಗೂ ಇದು ದಕ್ಕದೇ ಹೋಗಲಿ ಎಂದೂ ಅಂದುಕೊಂಡೆ. ಅದನ್ನು ಯಾರೂ ನನ್ನ ಬಾಯಲ್ಲಿ ಹಾಕಲಿಲ್ಲ, ನಾನೇ ಅಂದುಕೊಂಡೆ.

ಮುಂದಿನ ತಿರುವಿನಲ್ಲಿ ಕುರಿ ಹಿಂಡು ಅಡ್ಡ ಬಂತು. ತಮ್ಮ ಜೋರಾಗಿ ಬ್ರೇಕ್ ಒತ್ತಿದ, ಕಾರು ರಸ್ತೆ ಬಿಟ್ಟು ಕೆಳಗಿಳಿದು ಜಾಲಿ ಗಿಡಕ್ಕೆ ತಾಗಿ ನಿಂತಿತು. ಏನೂ ಆಗಲಿಲ್ಲ. ಕುರಿ ಕಾಯುವವನು ಹತ್ತಿರ ಬಂದು, "ಹೊಸಾ ಗಾಡೀನಾ? ದೃಷ್ಟಿ ತೆಗಸ್ರಿ ಮೊದ್ಲು," ಎಂದ. ತಮ್ಮ ನಕ್ಕ. ಯಾರ ದೃಷ್ಟಿ ಎಂದು ನನಗೆ ಗೊತ್ತಿತ್ತು.

ಅಂದಿನಿಂದ ಪ್ರತಿ ಅಮಾವಾಸ್ಯೆ ಅವನು ಏಳುವ ಮುನ್ನ ನಾನು ಕಾರಿನ ಕೀಲಿ ತೆಗೆದುಕೊಂಡು ಕೆಳಗಿಳಿಯುತ್ತಿದ್ದೆ. ಕಾರ್ಪೆಟಿನ ಅಡಿಯಲ್ಲಿ ಕಲ್ಲುಪ್ಪು ಹರಡುತ್ತಿದ್ದೆ, ಅವ್ವ ತೊಟ್ಟಿಲಿಗೆ ಹಾಕಿದ ಹಾಗೆ. ಹಿಂದೆ ಡಿಕ್ಕಿಯಲ್ಲಿ ಸ್ಟೆಪ್ನಿ ಚಕ್ರ ಇಡುವ ಗುಳಿಯಲ್ಲಿ ಬಟ್ಟೆಯಲ್ಲಿ ಕಟ್ಟಿ ಒಂದು ಗಂಟು ಇಡುತ್ತಿದ್ದೆ. ಕೊನೆಗೆ ಉಪ್ಪು ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ ಬಾಗಿಲುಗಳ ಕೆಳ ಅಂಚು ಒರೆಸುತ್ತಿದ್ದೆ. ಮಳೆಗಾಲದಲ್ಲಿ ಹೋಗಿ ನೋಡಿದರೆ ಹಾಕಿದ ಉಪ್ಪು ಇರುತ್ತಿರಲಿಲ್ಲ, ಒದ್ದೆ ಮಾತ್ರ ಇರುತ್ತಿತ್ತು. ನನ್ನ ಕೆಟ್ಟದ್ದನ್ನು ಉಪ್ಪು ಕುಡಿದುಬಿಟ್ಟಿದೆ ಎಂದು ನೆಮ್ಮದಿಯಿಂದ ಮತ್ತೊಂದು ಹಿಡಿ ಹಾಕುತ್ತಿದ್ದೆ.

ತುಕ್ಕು ಕಂಡ ಆ ಭಾನುವಾರ ಮಧ್ಯಾಹ್ನ, ತಮ್ಮ ಉಂಡು ಮಲಗಿದ್ದಾಗ, ಡಿಕ್ಕಿಯಲ್ಲಿದ್ದ ಗಂಟನ್ನು ತೆಗೆದು ಚರಂಡಿಗೆ ಹಾಕಿದೆ. ಮೊದಲನೆಯ ತಪ್ಪನ್ನು ತಿಳಿಯದೆ ಮಾಡಿದೆ ಎನ್ನಬಹುದು. ಇದನ್ನು ತಿಳಿದೇ ಮಾಡಿದೆ.

ತಮ್ಮ ಕಾರನ್ನು ಕೊಂಡ ಶೋರೂಮಿಗೇ ಒಯ್ದು ಬಿಟ್ಟ. ಅವರು ಕೆಲವು ದಿನ ಇಟ್ಟುಕೊಂಡು ನೋಡಿ, ಆಮೇಲೆ ಕರೆಸಿದರು. ತಮ್ಮ ನನ್ನನ್ನೂ ಕರೆದುಕೊಂಡು ಹೋದ. ಗಾಜಿನ ಗೋಡೆ, ತಣ್ಣನೆ ಗಾಳಿ, ಹೊಳೆಯುವ ನೆಲದಲ್ಲಿ ಕಾರುಗಳ ನೆರಳು. ನೀರಿನ ಕೆಳಗೆ ಕೂತ ಹಾಗಿತ್ತು. ಅಲ್ಲಿನ ಮ್ಯಾನೇಜರ್ ಮರ್ಯಾದೆಯಿಂದಲೇ ಮಾತಾಡಿದ.

"ಉಪ್ಪಿನಂಶ ಐತಿ ಅಂತ ಬಂದೈತ್ರಿ ಸರ್. ಹೊರಗಿನ ಕಾರಣ ಆಗ್ತೈತಿ. ತುಕ್ಕಿಗೆ ವಾರಂಟಿ ಐತಿ, ಇಲ್ಲ ಅನ್ನಂಗಿಲ್ಲ, ಆದ್ರ ಇದು ಅದರಾಗ ಬರಂಗಿಲ್ಲ."

"ಬಳ್ಳಾರಿಗೆ ಸಮುದ್ರ ಯಾವಾಗ ಬಂತ್ರಿ?"

"ಸಮುದ್ರ ಬರಂಗಿಲ್ಲ ಬಿಡ್ರಿ, ಮೀನು ಬರ್ತಾವಲ್ಲ. ನೀವು ದಿನಾ ಹೋಗೋ ಸಿರುಗುಪ್ಪದಾಗ ಹೊಳಿ ಐತಿ. ಉಪ್ಪು ಹಚ್ಚಿದ ಮೀನು ಏನರ ಹಾಕ್ಕೊಂಡು ಬಂದೀರೇನೋ ಅಂತ..."

"ನಾನು ಅಕ್ಕಿ ಮಿಲ್ಲಿನಾಗ ಇರಾವ್ರಿ. ಹಾಕ್ಕೊಂಡು ಬಂದ್ರ ನೆಲ್ಲು ಬರತೈತಿ, ಮೀನು ಯಾಕ ಬರತೈತಿ?"

"ಹಂಗಾರ ಉಪ್ಪು ಆಕಾಶದಿಂದ ಬಿತ್ತೇನ್ರಿ?"

ಪಕ್ಕದ ಮೇಜಿನವರು ಯಾರೋ ನಕ್ಕರು. ತಮ್ಮನ ಕಿವಿ ಕೆಂಪಾದವು. ಚಿಕ್ಕಂದಿನಿಂದಲೂ ಅವಮಾನವಾದಾಗ ಅವನಿಗೆ ಮೊದಲು ಕಿವಿ ಕೆಂಪಾಗುತ್ತವೆ. ನನ್ನ ಕಡೆ ತಿರುಗಿದ.

"ನಮ್ಮ ಅಕ್ಕನ್ನ ಕೇಳ್ರಿ. ಈ ಗಾಡಿ ಒರಸಾಕಿ ಆಕೀನ. ಅಕ್ಕಾ, ಹೇಳು ಇವರಿಗೆ. ನಮ್ಮ ಗಾಡಿಯೊಳಗ ಎಂದರ ಉಪ್ಪು ಬಂದೈತೇನು?"

ಆ ಕ್ಷಣ ನನಗೆ ಬಹಳ ಉದ್ದವಾಗಿ ನೆನಪಿದೆ. ಹೌದು ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಬೇಕಾದರೆ ಆ ಕೆಂಪು ಸಂಜೆಗೆ ಹೋಗಬೇಕು.

"ಇಲ್ಲ," ಎಂದೆ.

ಮ್ಯಾನೇಜರ್ ನನ್ನನ್ನೊಮ್ಮೆ ನೋಡಿ, ದನಿ ತಗ್ಗಿಸಿ ಒಂದು ದಾರಿ ಹೇಳಿದ. ಬಳಕೆಯಿಂದಲೇ ಹೀಗಾಗಿದೆ ಎಂದು ತಮ್ಮ ಬರೆದುಕೊಟ್ಟರೆ, ಕಂಪನಿಗೆ ಹೇಳಿ ಅರ್ಧ ಕೆಲಸವನ್ನಾದರೂ ಪುಕ್ಕಟೆ ಮಾಡಿಸಿಕೊಡುತ್ತೇನೆ ಎಂದ. ತಮ್ಮ ಎದ್ದು ನಿಂತ.

"ನಮ್ಮ ಅಕ್ಕ ಇಲ್ಲ ಅಂದ ಮ್ಯಾಲ, ನಾನು ಹೌದು ಅಂತ ಹೆಂಗ ಬರದು ಕೊಡ್ಲಿ?"

ಗ್ರಾಹಕರ ಕೋರ್ಟಿಗೆ ಹೋಗುವುದೆಂದು ಅವನು ತೀರ್ಮಾನ ಮಾಡಿದ. ಸಿರುಗುಪ್ಪದಲ್ಲಿ ಗಿರಣಿಯವರಿಗೆ ಪರಿಚಯದ ವಕೀಲರೊಬ್ಬರಿದ್ದರು. ಕಾರಿಗೆ ಉಪ್ಪು ಸೋಕಿಲ್ಲ ಎಂದು ಅವನೂ ನಾನೂ ಪ್ರಮಾಣ ಮಾಡಿ ಸಹಿ ಹಾಕಬೇಕು ಎಂದು ಅವರು ಹೇಳಿದ್ದರು. ಆ ದಿನಗಳಲ್ಲಿ ಮಷಿನ್ ತುಳಿಯುತ್ತಲೇ ನನಗೆ ಕಣ್ಣು ಮುಚ್ಚುತ್ತಿದ್ದವು. ಮುಚ್ಚಿದರೆ ಕಾರು ಕಾಣುತ್ತಿತ್ತು. ಬಿಳಿ ಕಾರು, ಉಪ್ಪಿನಿಂದಲೇ ಮಾಡಿದ್ದು. ಅದರ ಮೇಲೆ ಸಣ್ಣ ಮಳೆ. ಒಳಗೆ ತಮ್ಮ ಗುನುಗುತ್ತ ಕೂತಿದ್ದಾನೆ, ಕಾರು ಅವನ ಸುತ್ತ ಕರಗುತ್ತಿದೆ, ಅವನಿಗೆ ಅದು ತಿಳಿಯುತ್ತಿಲ್ಲ.

ಸಹಿ ಮಾಡಲು ಹೊರಟ ದಿನ ರಸ್ತೆಯಲ್ಲಿ ಜನ ಕಡಿಮೆ ಇದ್ದರು. ಸಿರುಗುಪ್ಪ ಹತ್ತಿರ ಬರುತ್ತಿದ್ದಂತೆ ಕಾಲುವೆ ನೀರು ನಿಂತ ಭತ್ತದ ಗದ್ದೆಗಳು ಶುರುವಾದವು. ನಾಟಿ ಮಾಡದ ಗದ್ದೆಗಳಲ್ಲಿ ಮೋಡ ಬಿದ್ದಿತ್ತು, ಕೊಕ್ಕರೆಗಳು ಮೋಡದ ಮೇಲೆ ನಡೆದಾಡುತ್ತಿದ್ದವು. ಕಾರು ನೆಲದ ಮೇಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ತಮ್ಮ ಹಗುರವಾಗಿದ್ದ.

"ಮಿಲ್ಲಿನಾಗ ಎಲ್ಲಾರೂ ಅಂತಾರ, ಗಾಡಿಗೆ ಯಾರ್ದೋ ದೃಷ್ಟಿ ತಾಗೈತಿ ಅಂತ. ನಾನಂದೆ, ಲೇ, ನಮ್ಮ ಅಕ್ಕ ಇರೋ ಮಟ ನನಗ ಯಾರ ದೃಷ್ಟೀನೂ ತಾಗಂಗಿಲ್ಲ ಅಂತ."

"ಗಾಡಿ ನಿಲ್ಸು," ಎಂದೆ.

"ಯಾಕ, ವಾಂತಿ ಬರಾಕ ಹತ್ತೈತೇನು?"

"ಉಪ್ಪು ನಾನ ಇಟ್ಟಿದ್ದೆ. ನಿಲ್ಸು."

ಕಾಲುವೆಯ ಪಕ್ಕ ನಿಲ್ಲಿಸಿದ. ಕಾರ್ಪೆಟಿನ ಕೆಳಗೆ, ಡಿಕ್ಕಿಯಲ್ಲಿ, ಬಾಗಿಲಿನ ಅಂಚಿಗೆ, ಎಲ್ಲ ಹೇಳಿದೆ. ಅವನು ಬಾಯಿ ತೆರೆದು ಕೇಳುತ್ತಿದ್ದವನು ನಕ್ಕುಬಿಟ್ಟ. ನಕ್ಕು ನಕ್ಕು ಸ್ಟೇರಿಂಗಿಗೆ ಹಣೆ ಹಚ್ಚಿದ.

"ಅವ್ವನಂಗ ಮಾಡೀದಿ ನೀನು. ಪೂರಾ ಅವ್ವನಂಗ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಪ್ರೀತಿಯಿಂದ ಮಾಡಿದೆ ಎಂದು ಅವನು ತಾನಾಗಿಯೇ ನಂಬಿದ್ದ. ನಿಲ್ಲಿಸಿದ್ದರೆ ಮುಂದೆ ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ, ನಾನು ಚಹಾ ಕೊಡುತ್ತ ನಾಚಿಕೊಂಡು ನಿಲ್ಲುತ್ತಿದ್ದೆ. ಆ ಚಿತ್ರ ಕಣ್ಣ ಮುಂದೆ ಬಂದದ್ದೇ ಅವನ ಕಡೆ ತಿರುಗಿದೆ.

"ಅವ್ವ ಮಂದಿ ದೃಷ್ಟಿಗೆ ಅಂಜಿ ಹಾಕ್ತಿದ್ಲು. ನಾನು ನನ್ನ ದೃಷ್ಟಿಗೆ ಅಂಜಿ ಹಾಕಿದೆ," ಎಂದೆ. ಆ ಸಂಜೆ ಕಾರಿನಲ್ಲಿ ಅಂದುಕೊಂಡದ್ದನ್ನು ಅಂದುಕೊಂಡ ಹಾಗೆಯೇ ಹೇಳಿದೆ.

ಅವನ ನಗು ನಿಂತಿತು. ಗದ್ದೆಯ ಕಡೆ ನೋಡುತ್ತ ಕೂತ.

"ಕುರಿ ಅಡ್ಡ ಬಂದ್ವಲ್ಲ, ಅವತ್ತೇನು?"

"ಹೂಂ. ಅವು ಬರೋಕಿಂತ ಸ್ವಲ್ಪ ಮೊದ್ಲು."

"ಈಗೂ ಹಂಗ ಅನಸ್ತೈತೇನು?"

ಇಲ್ಲ ಎನ್ನುವುದು ನನಗೆ ಅಭ್ಯಾಸವಾಗಿ ಹೋಗಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಒಮ್ಮೊಮ್ಮೆ," ಎಂದೆ.

ಕಾಲುವೆಯಲ್ಲಿ ನೀರು ಸದ್ದಿಲ್ಲದೆ ಹೋಗುತ್ತಿತ್ತು. ಒಂದು ಕೊಕ್ಕರೆ ಎದ್ದು, ಸ್ವಲ್ಪ ದೂರ ಹಾರಿ, ಮತ್ತೆ ನೀರಿಗೇ ಇಳಿಯಿತು. ತಮ್ಮ ಗಾಜು ಇಳಿಸಿದ.

"ನೀನು ಸಾಲಿ ಬಿಟ್ಟಿದ್ದು ನನಗ ಗೊತ್ತಿಲ್ಲೇನು. ಅದಕ್ಕ ನಾನು ಏನೂ ಅನ್ನಂಗಿಲ್ಲ. ಆದ್ರ ಶೋರೂಮಿನಾಗ ನಿನ್ನ ಮಾರಿ ನೋಡಿ ಕೇಳಿದ್ನಲ್ಲ ಅಕ್ಕಾ. ಆ ಮನಷ್ಯಾನ ಮುಂದ ಎದ್ದು ನಿಂತ್ನಲ್ಲ."

ಅಸೂಯೆ ಕೇಳದೆ ಬಂತು, ಉಪ್ಪು ಅಂಜಿಕೆಯಿಂದ ಬಂತು. ಆ "ಇಲ್ಲ" ಎಂಬುದನ್ನು ಮಾತ್ರ ನಾನು ಹಗಲು ಹೊತ್ತಿನಲ್ಲಿ, ಕಣ್ಣು ತೆರೆದುಕೊಂಡು, ನನ್ನನ್ನೇ ನಂಬಿ ನಿಂತವನ ಎದುರು ಹೇಳಿದ್ದೆ.

ಅವನು ವಕೀಲರಿಗೆ ಫೋನು ಮಾಡಿ ಬರುವುದಿಲ್ಲ ಎಂದ. ಕಾರು ತಿರುಗಿಸಿದ. ನೇರ ಬಳ್ಳಾರಿಯ ಶೋರೂಮಿಗೆ ಬಂದು, ನನ್ನನ್ನು ಕಾರಿನಲ್ಲೇ ಇರು ಎಂದು ಹೇಳಿ ಒಳಗೆ ಹೋದ. ಗಾಜಿನ ಆಚೆ ಅವನು ಕಾಣುತ್ತಿದ್ದ. ಮಾತು ಕೇಳಿಸುತ್ತಿರಲಿಲ್ಲ. ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ, ಹೊರಗೆ ನಮ್ಮ ಕಾರಿನತ್ತ ನೋಡಿದ. ತಮ್ಮ ಕೈ ಕಟ್ಟಿಕೊಂಡು ನಿಂತೇ ಇದ್ದ. ಯಾರೂ ಅವನಿಗೆ ಕೂತುಕೊಳ್ಳಲು ಹೇಳಲಿಲ್ಲ.

ಹೊರಗೆ ಬಂದು ಬಾಗಿಲು ಹಾಕಿಕೊಂಡ.

"ಮುಗೀತು. ಆ ಅರ್ಧ ಪುಕ್ಕಟೆನೂ ಈಗ ಇಲ್ಲಂತ. ಹೊರಗ ಎಲ್ಲೆರ ತಗಡು ಹಚ್ಚಿಸೂಣು."

"ಯಾರು ಇಟ್ರು ಅಂತ ಕೇಳಿದ್ರೇನು?"

"ಕೇಳಿದ್ರು. ಅಕ್ಕ ಅಂದೆ."

ಅವನು ನನ್ನನ್ನು ಮುಚ್ಚಿಡಲಿಲ್ಲ. ಅದು ನನಗೆ ಹಗುರವೆನಿಸಿತು.

"ಯಾಕ ಅಂತ?"

"ದೃಷ್ಟಿಗೆ ಅಂದೆ. ಯಾರ ದೃಷ್ಟಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ."

ಕಾರು ಚಾಲೂ ಮಾಡಿದ. ಗೇಟಿನ ಹತ್ತಿರ ಸ್ವಲ್ಪ ನಿಧಾನಿಸಿ, ನನ್ನ ಕಡೆ ನೋಡದೆಯೇ, "ಬೆಲ್ಟ್ ಹಾಕ್ಕೊ," ಎಂದ. ಹಾಕಿಕೊಂಡೆ.