ಕತ್ತರಿ ಹಾಕದ ಹಾಡು

ಇನ್ನೂ ಬೆಳಕು ಹರಿದಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ, ಬಾಗಿಲಿಗೂ ಗೋಡೆಗೂ ಹಳೆಯ ಕಂಬಳಿ ಹೊಡೆದ ಸಣ್ಣ ಕೋಣೆಯೊಂದರಲ್ಲಿ, ಮಧ್ಯವಯಸ್ಸಿನ ಹೆಂಗಸೊಬ್ಬರು ಮೈಕಿನ ಮುಂದೆ ಕೂತು ನೀರು ಕುಡಿಯುತ್ತಿದ್ದಾರೆ. ಒಂದು ಗುಟುಕು ಕುಡಿದು ಗಡಿಯಾರ ನೋಡುತ್ತಾರೆ, ಇನ್ನೊಂದು ಗುಟುಕು ಕುಡಿದು ಬಲಗಡೆಯ ಗೋಡೆ ನೋಡುತ್ತಾರೆ. ಅಲ್ಲೊಂದು ಅಂಗೈಯಗಲದ ಲೋಹದ ಪೆಟ್ಟಿಗೆ ಇದೆ, ಅದರ ಮೇಲೊಂದು ಹಸಿರು ದೀಪ.

“ಇದು ಮೂರನೇ ಲೋಟ,” ಎನ್ನುತ್ತಾರೆ. “ಆರು ವರ್ಷದ ಹಿಂದೆ ಮೊದಲನೇ ದಿನ ಕೂತಾಗ್ಲೂ ಇಷ್ಟು ಹೆದರಿರಲಿಲ್ಲ. ಅವತ್ತು ಕಳ್ಕೊಳ್ಳೋಕೆ ಏನೂ ಇರಲಿಲ್ಲ ನೋಡಿ.”

ಈ ಪರದೇಶದ ಊರಿನಲ್ಲಿರುವ ನಾಲ್ಕಾರು ಕನ್ನಡದ ಮನೆಗಳವರಿಗೆ ಇವರು ರೇಡಿಯೋ ಅಕ್ಕ. ಪ್ರತಿ ಶನಿವಾರ ಬೆಳಗಿನ ಜಾವ, ಊರವರೇ ಸೇರಿ ನಡೆಸುವ ಸಣ್ಣ ಬಾನುಲಿ ನಿಲಯದಲ್ಲಿ ಒಂದು ಗಂಟೆ ತಮಿಳು ಸಿನಿಮಾ ಹಾಡು ಹಾಕುತ್ತಾರೆ. ಕೇಳುವವರಲ್ಲಿ ತಮಿಳರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಆ ದೇಶದವರೇ. ಲಾರಿ ಓಡಿಸುವವರು, ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ನರ್ಸುಗಳು, ನಿದ್ದೆ ಬಾರದ ಮುದುಕರು. ತಮಿಳೆಂಬ ಭಾಷೆಯೊಂದು ಇದೆಯೆಂಬುದೇ ಇವರಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಹಾಡಿನಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದಾರೆ, ಯಾಕೆ ಅಳುತ್ತಿದ್ದಾರೆ, ಅಳುತ್ತಿದ್ದವರು ಮರುಗಳಿಗೆಯೇ ಯಾಕೆ ಕುಣಿಯತೊಡಗಿದರು ಎಂಬುದನ್ನೆಲ್ಲ ಅವರ ಭಾಷೆಯಲ್ಲಿ ಬಿಡಿಸಿ ಹೇಳುವುದು ಅಕ್ಕನ ಕೆಲಸ. ಇದಕ್ಕೆ ಸಂಬಳವಿಲ್ಲ. ಸಂಬಳ ಬರುವುದು ಆಸ್ಪತ್ರೆಯ ಲಾಂಡ್ರಿಯಿಂದ. ಅಲ್ಲಿ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ನಾನೂರಕ್ಕೂ ಹೆಚ್ಚು ಹಾಸಿಗೆ ಬಟ್ಟೆ ಮಡಚುತ್ತಾರೆ.

“ಕೈ ಮಡಚ್ತಾ ಇರುತ್ತೆ, ತಲೆ ಶನಿವಾರಕ್ಕೆ ಹಾಡು ಹುಡುಕ್ತಾ ಇರುತ್ತೆ. ಮೇಲಿನವರು ಕೂಗಿದ್ದೂ ಕೆಲವು ಸಲ ಕಿವಿಗೆ ಬೀಳಲ್ಲ. ಬೈಸ್ಕೊಂಡಿದ್ದೀನಿ.”

ತಮಾಷೆಯೆಂದರೆ ತಮಿಳು ಅಕ್ಕನ ಮನೆಮಾತೇ ಅಲ್ಲ. ಕನ್ನಡದ ಮನೆಯ ಮಗಳು ತಮಿಳರ ಮನೆಗೆ ಸೊಸೆಯಾಗಿ ಹೋದವರು. ಹಾಡು ಕಲಿಸಿದ್ದು ಅತ್ತೆ. “ಹೊಸದರಲ್ಲಿ ಅತ್ತೆ ಪಾತ್ರೆ ತೊಳೆಯುವಾಗ ಹಾಡ್ಕೊಳ್ಳೋರು. ನನ್ನನ್ನೇ ಏನೋ ಅಂತಿದ್ದಾರೆ ಅಂದ್ಕೊಂಡು ಒಳಗೊಳಗೇ ಅಳ್ತಿದ್ದೆ. ಎಷ್ಟೋ ತಿಂಗಳಾದ ಮೇಲೆ ಗೊತ್ತಾಯ್ತು, ಅದು ಚಂದ್ರನ ಮೇಲಿನ ಹಾಡು ಅಂತ.” ಈಗ ಅತ್ತೆ ಸೊಸೆಯ ನಡುವೆ ಎರಡು ಭಾಷೆಗಳಿವೆ, ಜಗಳಕ್ಕೆ ತಮಿಳು, ರಾಜಿಗೆ ಕನ್ನಡ. ಶನಿವಾರ ಅತ್ತೆ ಅಡುಗೆಮನೆಯ ಮೇಜಿನ ಮೇಲೆ ರೇಡಿಯೋ ಇಟ್ಟುಕೊಂಡು ಕೂರುತ್ತಾರೆ. ಸೊಸೆ ಆ ಊರ ಭಾಷೆಯಲ್ಲಿ ಹೇಳುವುದು ಒಂದಕ್ಷರವೂ ತಿಳಿಯದಿದ್ದರೂ ಹಾಡಿನಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಗ್ರಹಚಾರ ಬಿಡಿಸುತ್ತಾರೆ. ಸಾಮಾನು ಸಾಗಿಸುವ ವ್ಯಾನ್ ಓಡಿಸುವ ಗಂಡ ಮಾತ್ರ ರೇಡಿಯೋದಲ್ಲಿ ಹವಾಮಾನ ಬಿಟ್ಟು ಬೇರೇನೂ ಕೇಳುವುದಿಲ್ಲ. ಹೆಂಡತಿಯ ಮಾತು ಮನೆಯಲ್ಲೇ ಬೇಕಾದಷ್ಟು ಸಿಗುತ್ತದಲ್ಲ.

ಶುರುವಿನ ದಿನಗಳು ಸುಲಭದವಾಗಿರಲಿಲ್ಲ. ಮೊದಲ ತಿಂಗಳು ಬಂದದ್ದು ಎರಡೇ ಫೋನು. ಒಂದು ರಾಂಗ್ ನಂಬರ್, ಇನ್ನೊಂದು ಬೆಳಿಗ್ಗೆ ಬೆಳಿಗ್ಗೆ ಇದೇನು ಕೂಗಾಟ ಎಂಬ ದೂರು. ವಾದ್ಯಗಳೇ ಅಷ್ಟು ಹೊತ್ತು ನುಡಿದರೆ ಹಾಡು ಯಾವಾಗ ಎಂದು ಕೆಲವರು ರೇಗಿದರು. ಆಗ ಅಕ್ಕ ಕತ್ತರಿ ಹಿಡಿದರು. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಹಾಡಿನ ಆರಂಭವನ್ನು ಮೊಟಕು ಮಾಡಿದರು, ನಡುವಿನ ಮಾತು ತೆಗೆದರು, ಉದ್ದನೆಯ ಅಳುವನ್ನು ಚಿಕ್ಕದು ಮಾಡಿದರು. “ನೆಂಟರು ಬರ್ತಾರೆ ಅಂದ್ರೆ ಮನೆ ಗುಡಿಸಿ ಇಡಲ್ವಾ? ಹಾಗೆ ಅಂದ್ಕೊಂಡಿದ್ದೆ.” ಉಪಾಯ ಫಲಿಸಿತು. ಈಗ ವಾರಕ್ಕೆ ಇಪ್ಪತ್ತು ಮೂವತ್ತು ಫೋನು ಬರುತ್ತವೆ.

ತಪ್ಪದೆ ಫೋನು ಮಾಡುವವರಲ್ಲಿ ಒಬ್ಬರು ಊರಿನ ಇನ್ನೊಂದು ತುದಿಯ ಬೇಕರಿಯವರು. ಹಿಟ್ಟು ಮೆತ್ತಿದ ಕೈಯಲ್ಲೇ ಫೋನು ಹಿಡಿದು, ನಾಲ್ಕು ವರ್ಷದಿಂದ ಪ್ರತಿ ಶನಿವಾರ ಒಂದಲ್ಲ ಒಂದು ಮಾತು ಹೇಳುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಣ್ಣಾರೆ ಕಂಡಿಲ್ಲ. ಕಳೆದ ಶನಿವಾರ ಅವರ ದನಿ ಬೇರೆಯಾಗಿತ್ತು.

“ಸ್ಟೇಶನ್ನಿನಲ್ಲಿ ಕಾಯೋ ಹೆಂಗಸಿನ ಹಾಡು ಹಾಕ್ತೀರಲ್ಲ, ಅದು ಪೂರ್ತಿ ಹಾಡಲ್ಲ,” ಎಂದರು. “ನಾನು ಹುಡುಕಿ ಕೇಳಿದೆ. ನಡುವೆ ಅವಳು ಸುಮ್ಮನೆ ಕಾಯ್ತಾಳೆ. ಆ ಕಾಯೋದನ್ನ ನಮ್ಮಿಂದ ಯಾಕೆ ಮುಚ್ಚಿಟ್ರಿ? ನಮಗೆ ಕಾಯೋಕೆ ಬರಲ್ಲ ಅಂದ್ಕೊಂಡ್ರಾ?”

ಹಾಡು ಹಳೆಯದು, ಕಪ್ಪುಬಿಳುಪಿನ ಕಾಲದ್ದು. ಕೊನೆಯ ರೈಲೂ ಹೋದ ಮೇಲೆ ಖಾಲಿ ಪ್ಲಾಟ್‌ಫಾರಮ್ಮಿನಲ್ಲಿ ನಿಂತ ಹೆಂಡತಿ, ನೀನು ಬರುತ್ತೀಯಾ ಎಂದು ಕೇಳುತ್ತಾಳೆ. ಅಲ್ಲಿಗೆ ಪಿಟೀಲು, ತಬಲಾ ಎಲ್ಲವೂ ನಿಂತುಹೋಗುತ್ತವೆ. ಹನ್ನೊಂದು ಸೆಕೆಂಡು ಏನೂ ಇಲ್ಲ. ಆಮೇಲೆ ಅದೇ ಸಾಲನ್ನು ಅವಳು ತಗ್ಗಿದ ದನಿಯಲ್ಲಿ ಮತ್ತೆ ಹಾಡುತ್ತಾಳೆ, ಈ ಸಲ ಉತ್ತರ ಗೊತ್ತಾದವಳ ಹಾಗೆ. ಅಕ್ಕ ಆ ಹನ್ನೊಂದು ಸೆಕೆಂಡನ್ನು ತೆಗೆದುಹಾಕಿದ್ದರು. ಅತ್ತೆ ಎಂದೋ ಹೇಳಿದ್ದರು, “ಹಾಗೆ ಮಾಡಿದ್ರೆ, ಗಂಡ ಬರ್ತಾನಾ ಅಂತ ಕೇಳಿ ಉತ್ತರಕ್ಕೂ ನಿಲ್ಲದೆ ಮನೆಗೆ ಹೊರಟ ಹಾಗಾಗುತ್ತೆ ಕಣೇ.” ಸೊಸೆ ಆಗ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಬೇಕರಿಯವರ ಮಾತು ನಾಟಿತು. ಮುಂದಿನ ಶನಿವಾರ ಪೂರ್ತಿ ಹಾಕುತ್ತೇನೆ ಎಂದು ಊರೆಲ್ಲ ಕೇಳುವಂತೆ ಹೇಳಿಬಿಟ್ಟರು. ಹೇಳಿದ ಮೇಲೆ ಗೋಡೆಯ ಪೆಟ್ಟಿಗೆ ಕಣ್ಣಿಗೆ ಬಿತ್ತು.

ಆ ಪೆಟ್ಟಿಗೆ ನಿಲಯದ ಕಾವಲಿಗೆ ಇರುವ ಯಂತ್ರ. ಪ್ರಸಾರದಲ್ಲಿ ಸದ್ದು ನಿಂತ ಕೂಡಲೇ ಅದರ ಹಸಿರು ದೀಪ ಕೆಂಪಾಗುತ್ತದೆ. ಎಂಟು ಸೆಕೆಂಡಿನಲ್ಲಿ ಸದ್ದು ಮರಳದಿದ್ದರೆ ಏನೋ ಕೆಟ್ಟಿದೆಯೆಂದು ಲೆಕ್ಕ ಹಾಕಿ, ನಡೆಯುತ್ತಿರುವುದನ್ನು ಕಡಿದು, ತನ್ನಲ್ಲಿರುವ ಯಾವುದೋ ಪಿಯಾನೋ ಹಾಕಿಬಿಡುತ್ತದೆ. ಅಕ್ಕ ಅದಕ್ಕೆ ಇಟ್ಟ ಹೆಸರು ನಾದಿನಿ. “ಸುಮ್ಮನಿದ್ರೂ ತಪ್ಪು ಹಿಡಿಯುತ್ತೆ,” ಎನ್ನುತ್ತಾರೆ. ನನ್ನ ಮಗಳನ್ನು ಯಾಕೆ ನಡುವೆ ಎಳೆಯುತ್ತೀಯ ಎಂದು ಅತ್ತೆಗೆ ಸಿಟ್ಟು. ಅದನ್ನು ಆರಿಸಿಡುವಂತಿಲ್ಲ, ಸರ್ಕಾರದವರು ಮೊಹರು ಹಾಕಿದ್ದಾರೆ. ಒಂದೇ ವರ್ಷದಲ್ಲಿ ಮೂರು ಸಲ ಅದು ಹೀಗೆ ಪಿಯಾನೋ ಹಾಕಿದರೆ ಆ ಕಾರ್ಯಕ್ರಮದ ವೇಳೆಯನ್ನು ಬೇರೆಯವರಿಗೆ ಕೊಡಬೇಕೆಂಬುದು ನಿಲಯದ ಕಟ್ಟಳೆ. ಅಕ್ಕನ ಹೆಸರಿನಲ್ಲಿ ಈಗಾಗಲೇ ಎರಡಾಗಿದೆ. ಒಮ್ಮೆ ತಂತಿ ತಪ್ಪಾಗಿ ಚುಚ್ಚಿದ್ದರು, ಇನ್ನೊಮ್ಮೆ ಹಾಡು ಮುಗಿದದ್ದು ತಿಳಿಯದೆ ತಾವೇ ಮೈಮರೆತಿದ್ದರು. ಬೆಳಗಿನ ವ್ಯಾಯಾಮ ಹೇಳಿಕೊಡುವ ತಂಡವೊಂದು ಈ ವೇಳೆಯ ಮೇಲೆ ಕಣ್ಣಿಟ್ಟು ಕೂತಿದೆ.

ನಡುವೆ ನಿಲಯದ ಹೆಸರು ಹೇಳಿಬಿಡಿ, ತಾಪತ್ರಯವೇ ಇಲ್ಲ ಎಂದು ವ್ಯವಸ್ಥಾಪಕರು ಸಲಹೆ ಕೊಟ್ಟರು. ಅಕ್ಕ ಒಪ್ಪಲಿಲ್ಲ. ವಾರವಿಡೀ ತಲೆ ಕೆಡಿಸಿಕೊಂಡು ಬೇರೊಂದು ದಾರಿ ಹುಡುಕಿದರು. ಬೇಕರಿಯವರ ಫೋನ್ ಲೈನನ್ನು ಹಾಡಿನ ಉದ್ದಕ್ಕೂ ತೆರೆದಿಡುವುದು. ಅಲ್ಲಿ ಹಿಟ್ಟು ನಾದುವ ಯಂತ್ರ ಬೆಳಗಿನವರೆಗೂ ಗುರುಗುಟ್ಟುತ್ತಲೇ ಇರುತ್ತದೆ. ಆ ಗುರುಗುಟ್ಟುವಿಕೆ ಹಾಡಿನ ಅಡಿಯಲ್ಲಿ ಸಣ್ಣಗೆ ಕೇಳಿಸಿದರೂ ನಾದಿನಿಗೆ ಸಾಕು. ನಿನ್ನೆ ಫೋನು ಮಾಡಿ, ನಾಳೆ ನಿಮ್ಮ ಅಂಗಡಿ ರೇಡಿಯೋದಲ್ಲಿ ಬರುತ್ತದೆ, ಫೋನು ಕೆಳಗಿಡಬೇಡಿ, ಮಾತಾಡಬೇಡಿ ಎಂದಷ್ಟೇ ಹೇಳಿದರು. ಪೆಟ್ಟಿಗೆಯ ಸುದ್ದಿ ಎತ್ತಲಿಲ್ಲ. “ಅಷ್ಟು ದೊಡ್ಡದಾಗಿ ಮಾತು ಕೊಟ್ಟವಳು, ಒಂದು ಡಬ್ಬಿಗೆ ಹೆದರ್ತೀನಿ ಅಂತ ಹೆಂಗೆ ಹೇಳ್ಲಿ?”

ಈಗ ಹಾಡು ಶುರುವಾಗಿದೆ. ಕಿಟಕಿಯ ಗಾಜಿನ ಆಚೆ ವ್ಯವಸ್ಥಾಪಕರು ಕೈಕಟ್ಟಿ ನಿಂತಿದ್ದಾರೆ. ಅಕ್ಕ ಬೇಕರಿಯ ಫೋನಿನ ಸದ್ದು ಏರಿಸುವ ಗುಂಡಿಯನ್ನು ಮೇಲಕ್ಕೆ ಸರಿಸುತ್ತಾರೆ. ಪಿಟೀಲುಗಳು ಏರುತ್ತವೆ, ಹೆಂಗಸಿನ ದನಿ ಏರುತ್ತದೆ, ನೀನು ಬರುತ್ತೀಯಾ ಎಂದು ಕೇಳುತ್ತದೆ, ಎಲ್ಲವೂ ನಿಲ್ಲುತ್ತದೆ.

ದೀಪ ಕೆಂಪಾಗುತ್ತದೆ.

ಯಂತ್ರದ ಗುರುಗುಟ್ಟುವಿಕೆ ಇಲ್ಲ. ಅಕ್ಕ ಗುಂಡಿಯನ್ನು ತುದಿಯವರೆಗೆ ತಳ್ಳುತ್ತಾರೆ. ಏನೂ ಇಲ್ಲ. ಸದ್ದು ಅಳೆಯುವ ಮುಳ್ಳು ಸತ್ತ ಹಾಗೆ ಬಿದ್ದಿದೆ. ಆಗ ಅವರಿಗೆ ಹೊಳೆಯುತ್ತದೆ. ಹಾಡಿಗೆ ಅಡ್ಡಿಯಾಗಬಾರದೆಂದು ಬೇಕರಿಯ ಆ ಪುಣ್ಯಾತ್ಮ ಹಿಟ್ಟಿನ ಯಂತ್ರವನ್ನೇ ಆರಿಸಿಬಿಟ್ಟಿದ್ದಾರೆ. ಗಾಜಿನ ಆಚೆ ವ್ಯವಸ್ಥಾಪಕರು ಎರಡೂ ಕೈಯೆತ್ತಿ ಬಾಯಿಯ ಕಡೆ ತೋರಿಸುತ್ತಿದ್ದಾರೆ, ಮಾತಾಡಿ, ಏನಾದರೂ ಮಾತಾಡಿ. ಅಕ್ಕನ ಬೆರಳು ಮೈಕಿನ ಗುಂಡಿಯ ಮೇಲಿದೆ. ಒಂದೇ ಒಂದು ಮಾತು ಆಡಿದರೆ ಆರು ವರ್ಷದ ಶನಿವಾರಗಳು ಉಳಿಯುತ್ತವೆ. ನಾಲ್ಕು. ಐದು.

ಅಕ್ಕ ಬೆರಳು ತೆಗೆಯುತ್ತಾರೆ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ.

ಫೋನಿನ ಆ ತುದಿಯಲ್ಲಿ ಯಾರೋ ಕೆಮ್ಮುತ್ತಾರೆ. ತಡೆದು ತಡೆದು, ಆಗದೆ ಬಂದ ಕೆಮ್ಮು. ಹಿಂದೆಯೇ ಬೇಕರಿಯವರ ದನಿ, ಸಿಟ್ಟಿನಲ್ಲಿ, “ಶ್!” ಮುಳ್ಳು ಎರಡು ಸಲ ಎದ್ದು ಬೀಳುತ್ತದೆ. ದೀಪ ಹಸಿರಾಗಿ, ಮತ್ತೆ ಕೆಂಪಾಗಿ, ಹೊಸದಾಗಿ ಎಣಿಕೆ ಹಿಡಿಯುತ್ತದೆ. ಆ ಎಣಿಕೆ ಮುಗಿಯುವ ಮೊದಲೇ ಪ್ಲಾಟ್‌ಫಾರಮ್ಮಿನ ಹೆಂಗಸು ತಗ್ಗಿದ ದನಿಯಲ್ಲಿ ಹಾಡತೊಡಗಿದ್ದಾಳೆ. ಅಕ್ಕನ ಕೆನ್ನೆ ಒದ್ದೆಯಾಗಿದೆ. ಹೆದರಿಕೆಗೋ ಹಾಡಿಗೋ ಎಂದು ಕೇಳಿದರೆ, ಅಂಗೈಯಲ್ಲಿ ಒರೆಸಿಕೊಂಡು ಮುಂದಿನ ಹಾಡು ಹುಡುಕತೊಡಗುತ್ತಾರೆ.

ಕಾರ್ಯಕ್ರಮ ಮುಗಿದ ಮೇಲೆ ವ್ಯವಸ್ಥಾಪಕರು ಬಾಗಿಲು ತೆರೆದು ನಿಲ್ಲುತ್ತಾರೆ. “ಪೆಟ್ಟಿಗೆಯ ಲೆಕ್ಕದಲ್ಲಿ ಏನೂ ಆಗಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲೂ ಆಗಿಲ್ಲ. ಆದ್ರೆ ಇನ್ನೊಂದು ಸಲ ಹೀಗೆ ನನ್ನ ಜೀವ ತೆಗಿಬೇಡಿ.”

ಅತ್ತೆಯ ಫೋನು ಬರುತ್ತದೆ. “ಯಾರೇ ಅದು ಕೆಮ್ಮಿದ್ದು?”

“ಬೇಕರಿಯವರ ಕಡೆಯವರು ಅತ್ತೆ. ತಪ್ಪಾಯ್ತು.”

“ತಪ್ಪೇನು ಬಂತು? ನಾನು ಟಾಕೀಸಿನಲ್ಲಿ ನೋಡಿದಾಗ್ಲೂ ಸರಿಯಾಗಿ ಅಲ್ಲೇ ಯಾರೋ ಕೆಮ್ಮಿದ್ರು. ಅಳು ತಡ್ಕೊಳ್ಳೋರು ಕೆಮ್ತಾರೆ ಕಣೇ.” ಅತ್ತೆ ರಾಜಿಯ ಭಾಷೆಯಲ್ಲಿ ಮಾತಾಡುತ್ತಿದ್ದಾರೆ ಎಂಬುದು ಅಕ್ಕನಿಗೆ ಫೋನು ಇಟ್ಟ ಮೇಲೆ ಗಮನಕ್ಕೆ ಬರುತ್ತದೆ.

ಮನೆಗೆ ಹೋಗುವ ಬದಲು ಅವರು ಊರಿನ ಆ ತುದಿಯ ಬಸ್ಸು ಹತ್ತುತ್ತಾರೆ. ನಾಲ್ಕು ವರ್ಷದಲ್ಲಿ ಇದೇ ಮೊದಲು. ಎದುರು ನಿಂತು ಒಂದು ಧನ್ಯವಾದ ಹೇಳಬೇಕು, ಪೆಟ್ಟಿಗೆಯ ವಿಷಯ ಮುಚ್ಚಿಟ್ಟದ್ದಕ್ಕೆ ಕ್ಷಮೆಯನ್ನೂ ಕೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಾರೆ.

ಬೇಕರಿಯ ಮುಂದೆ ಸಾಲು ಬೀದಿಯ ತಿರುವಿನವರೆಗೆ ಬೆಳೆದಿದೆ. ಕಪಾಟುಗಳು ಅರ್ಧ ಖಾಲಿ. ಒಳಗೆ ತೋಳಿನವರೆಗೆ ಹಿಟ್ಟು ಮೆತ್ತಿಕೊಂಡ ದಪ್ಪನೆಯ ಮನುಷ್ಯ ಬ್ರೆಡ್ಡು ಸುತ್ತಿಕೊಡುತ್ತಿದ್ದಾರೆ. ಮುಂದೆ ನಿಂತ ಗಿರಾಕಿ, ಇಷ್ಟು ಹೊತ್ತಾದರೂ ಆಗಿಲ್ಲವೇ ಎಂದು ಗೊಣಗುತ್ತಾನೆ.

“ಹಾಡು ಕೇಳ್ತಿದ್ವಿ,” ಎನ್ನುತ್ತಾರೆ ಬೇಕರಿಯವರು.

“ಹಾಡು ಕೇಳೋಕೆ ಕೆಲಸ ನಿಲ್ಲಿಸ್ಬೇಕಾ?”

“ಅದಕ್ಕೆ ನಿಲ್ಲಿಸ್ಬೇಕಾಗಿತ್ತು. ಮುಂದಿನ ಶನಿವಾರಾನೂ ತಡ ಆಗಬಹುದು, ಈಗಲೇ ಹೇಳಿದ್ದೀನಿ.”

ಅಕ್ಕನ ಸರದಿ ಬರುತ್ತದೆ. ಏನು ಬೇಕು ಎಂದು ಬೇಕರಿಯವರು ಕೇಳುತ್ತಾರೆ. ಬಾಯಿ ತೆರೆದರೆ ಒಂದೇ ಮಾತಿಗೆ ಗುರುತು ಸಿಗುತ್ತದೆ. ಅಕ್ಕ ಕಪಾಟಿನ ಕಡೆ ಬೆರಳು ತೋರಿಸುತ್ತಾರೆ, ತಲೆಯಾಡಿಸಿ ಹಣ ಕೊಡುತ್ತಾರೆ, ಬಿಸಿ ಬ್ರೆಡ್ಡನ್ನು ಎದೆಗವುಚಿಕೊಂಡು ಹೊರಗೆ ಬರುತ್ತಾರೆ.

ಯಾಕೆ ಹೇಳಲಿಲ್ಲ ಎಂದರೆ ನಗುತ್ತಾರೆ. “ಅವರು ಹಾಡಿಗೆ ಅಂತ ಯಂತ್ರ ನಿಲ್ಲಿಸಿದ್ರು, ನನಗೆ ಅಂತ ಅಲ್ಲ. ನಡುವೆ ನಾನ್ಯಾಕೆ ಬರ್ಲಿ?” ಸ್ವಲ್ಪ ದೂರ ನಡೆದ ಮೇಲೆ ತಾವಾಗಿಯೇ ಹೇಳುತ್ತಾರೆ, “ಮುಂದಿನ ವಾರಕ್ಕೆ ಏಳು ನಿಮಿಷದ್ದೊಂದು ಹಾಡಿದೆ. ಮೊದಲ ಎರಡು ನಿಮಿಷ ಬರೀ ಪಿಟೀಲು. ಪೂರ್ತಿ ಹಾಕ್ತೀನಿ. ಬ್ರೆಡ್ಡು ತಡ ಆದ್ರೆ ಆಗ್ಲಿ.”