ಮಾಕಳಿ ಬೇರಿನ ಬಯಕೆ

ಈ ನೆಲದ ಗಿಡಗಳನ್ನಷ್ಟೇ ಬೆಳೆಸುವ ನಮ್ಮ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಮಾಕಳಿ ಬಳ್ಳಿ ಇರುವುದು ಒಂದೇ. ಕೊಟ್ಟವರು ಕುಂದಾಣದ ಕಡೆಯ ಒಬ್ಬ ಅಜ್ಜಿ. ತಮ್ಮ ಹೊಲದ ಬದುವಿನ ಮೇಲೆ ರಸ್ತೆ ಬರುತ್ತದೆಂದು ಗೊತ್ತಾದಾಗ, ಬಳ್ಳಿಯನ್ನು ಬೇರುಸಮೇತ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದು ಒಪ್ಪಿಸಿದ್ದರು. ಉದ್ಯಾನದ ಉಸ್ತುವಾರಿ ನನ್ನದು. ಬರುವ ಶಾಲಾ ಮಕ್ಕಳಿಗೆಲ್ಲ ಆ ಬಳ್ಳಿಯ ಮುಂದೆಯೇ ಭಾಷಣ ಬಿಗಿಯುತ್ತೇನೆ. ಉಪ್ಪಿನಕಾಯಿಗೆಂದು ಬೇರು ಅಗೆದೂ ಅಗೆದೂ ಗುಡ್ಡಗಳಲ್ಲಿ ಇದು ಮಾಯವಾಗುತ್ತಿದೆ, ಕೊಳ್ಳಬೇಡಿ, ತಿನ್ನಬೇಡಿ.

ಕಳೆದ ವರ್ಷ ಅಜ್ಜಿ ಮತ್ತೆ ಬಂದರು. ಅವರ ಮಗಳು ಬಸುರಿ, ಊಟ ಸೇರುತ್ತಿರಲಿಲ್ಲ.

"ಮಾಕಳಿ ಉಪ್ಪಿನ್ಕಾಯಿ ಇದ್ರೆ ಒಂದ್ ತುತ್ತು ಇಳೀತದೆ ಅಂತಾಳೆ ಕಣವ್ವಾ. ದೊಡ್ಡಬಳ್ಳಾಪುರದ ಸಂತೇಲೂ ಸಿಗ್ಲಿಲ್ಲ. ಬೆರಳುದ್ದ ಕಿತ್ಕೊಂಡು ಮಣ್ಣು ಮುಚ್ಬಿಡ್ತೀನಿ."

"ಆಗಲ್ಲ ಅಜ್ಜಿ. ನಿಮ್ಗೆ ಕೊಟ್ರೆ ಎಲ್ರೂ ಕೇಳ್ತಾರೆ," ಎಂದೆ.

ಯಾರೂ ಕೇಳುತ್ತಿರಲಿಲ್ಲ. ಈಗಿನವರು ಆ ಬೇರಿಗೆ ತಿಗಣೆ ವಾಸನೆ ಎಂದು ಮೂಗು ಮುಚ್ಚುತ್ತಾರೆ. ಬಳ್ಳಿ ಒಣಗಿದರೆ ನನ್ನ ಹೆಸರು ಕೆಡುತ್ತದೆಂಬ ಭಯ, ಅಷ್ಟೇ. ಅಜ್ಜಿ ಬಳ್ಳಿಯ ಬುಡವನ್ನೊಮ್ಮೆ ಸವರಿ, "ಹೋಗ್ಲಿ ಬಿಡು," ಎಂದು ಹೊರಟರು.

ಮುಂದಿನ ವಾರವೇ ಉದ್ಯಾನದಲ್ಲಿ ಕಾರ್ಯಾಗಾರ. ಗಿಡ ಕೊಟ್ಟವರನ್ನೆಲ್ಲ ಕರೆಸಿ ಶಾಲು ಹೊದಿಸಿದೆವು, ಅಜ್ಜಿಗೂ. ಊಟಕ್ಕೆ ಅವರನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಅವರ ಮನಸ್ಸಿಗೆ ಸ್ವಲ್ಪ ಸಮಾಧಾನವಾದೀತು ಎಂದುಕೊಂಡಿದ್ದೆ. ಎಲೆಗೆ ಮಾಕಳಿ ಉಪ್ಪಿನಕಾಯಿ ಬಿತ್ತು. ದೇಸಿ ಊಟವೆಂದು ಅಡುಗೆಯವರು ಮುತುವರ್ಜಿಯಿಂದ ಬೆಂಗಳೂರಿನಿಂದ ತರಿಸಿದ್ದರಂತೆ. ಯಾವ ಗುಡ್ಡ ಅಗೆದು ತಂದ ಬೇರೋ. ಬೇಡ ಎನ್ನಬೇಕಿತ್ತು ನಾನು. ಮೊಸರನ್ನಕ್ಕೆ ನಂಚಿಕೊಂಡು ಚಪ್ಪರಿಸಿದೆ. ಬಡಿಸುವವನನ್ನು ಕರೆದು ಇನ್ನೊಮ್ಮೆ ಹಾಕಿಸಿಕೊಂಡೆ. ಚಿಕ್ಕಂದಿನ ರುಚಿ ಎಂದು ಎದುರಿಗಿದ್ದವರಿಗೆ ಹೇಳಿಯೂ ಹೇಳಿದೆ.

ಪಕ್ಕಕ್ಕೆ ತಿರುಗಿದರೆ ಅಜ್ಜಿ ಉಪ್ಪಿನಕಾಯಿ ಮುಟ್ಟಿರಲಿಲ್ಲ. ಬಾಳೆಲೆಯ ಅಂಚು ಹರಿದು, ತಮ್ಮ ಪಾಲಿನ ಎರಡು ತುಂಡುಗಳನ್ನು ಅದರಲ್ಲಿ ಮಡಚುತ್ತಿದ್ದರು.

"ಅವ್ಳಿಗೆ ಆಯ್ತದೆ," ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಎಲ್ಲರೆದುರು ಬೈದಿದ್ದರೂ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ನನ್ನದನ್ನೂ ಕೊಡೋಣವೆಂದು ಎಲೆ ನೋಡಿಕೊಂಡೆ. ಚೂರೂ ಉಳಿದಿರಲಿಲ್ಲ. ಬಡಿಸುವವನನ್ನು ಕೂಗಿದೆ.

"ಖಾಲಿ ಮೇಡಂ," ಎಂದ ಅವನು. "ನಿಮ್ಗೆ ಎರಡ್ನೇ ಸಲ ಹಾಕಿದ್ನಲ್ಲ, ಅದೇ ಕೊನೇದು."