ನಿಂತುಕೊಂಡು ಬರೆಯುವ ಲ್ಯಾಪ್‌ಟಾಪ್

ನನ್ನ ಯಜಮಾನರು ರಾಮಾಂಜಿನಪ್ಪ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವ ಮನಸ್ಸು ಉಳಿಯುತ್ತದೋ ಇಲ್ಲವೋ. ಆದರೆ ಇದು ಅವರ ಕಥೆಯಲ್ಲ, ಅವರ ತಂಗಿ ಶಿವಕುಮಾರಿಯದು.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಹೂವಿಲ್ಲದ ಮೂಲೆ ಇಲ್ಲ. ಮಾವನವರು ಹೂ ಮಾರಿದರು, ನಾವು ಕಟ್ಟಿದೆವು, ಶಿವು ಅದರಲ್ಲೇ ಮದುವೆ ಮಂಟಪ ಎಬ್ಬಿಸಿದಳು. ಮದುವೆ ಗೊತ್ತಾದವರು ಅವಳನ್ನು ಛತ್ರಕ್ಕೆ ಕರೆಯುತ್ತಾರೆ. ಖಾಲಿ ವೇದಿಕೆಯ ಎದುರು, ಹೆಣ್ಣಿನ ತಾಯಿಯ ಪಕ್ಕ ನಿಂತು, ರಟ್ಟಿನ ಮೇಲೆ ಹಾಳೆ ಇಟ್ಟುಕೊಂಡು, ಅವರು ಹೇಳುತ್ತಿದ್ದಂತೆಯೇ ಚಿತ್ರ ಬರೆಯುತ್ತಾಳೆ. ಇಲ್ಲಿ ಕಮಾನು, ಅಲ್ಲಿ ಸುಗಂಧರಾಜ, ಕಂಬಕ್ಕೆ ಚೆಂಡು ಹೂ. ಕೂತು ಬರೆ ಅಂದರೆ ಅವಳ ಕೈ ಓಡುವುದಿಲ್ಲ. ವೇದಿಕೆಯ ಸುತ್ತ ಓಡಾಡುವಾಗಲೇ ಅವಳಿಗೆ ಎಲ್ಲ ಹೊಳೆಯುವುದು.

ಮಲ್ಲೇಶ್ವರದ ಮಹಾನಂದಮ್ಮ ಎಂಬುವರು ಹಿರಿಯ ಮಗಳ ಮದುವೆಗೆ ಹೀಗೇ ಬರೆಸಿಕೊಂಡು, “ಮನೇಲಿ ತೋರಿಸಿ ಫೋನ್ ಮಾಡ್ತೀನಮ್ಮ” ಎಂದು ಹಾಳೆಯನ್ನು ಬ್ಯಾಗಿಗೆ ಸೇರಿಸಿದರು. ಫೋನ್ ಬಂತು, ಬರೀ ಹಾರಗಳಿಗೆ. ಹಾರ ಕೊಡಲು ಹೋದಾಗ ನೋಡುತ್ತೇವೆ, ಶಿವು ಬರೆದಿದ್ದ ಜೋಡಿ ಹಂಸ ವೇದಿಕೆಯ ಮೇಲೆ ನಿಂತಿದೆ! ಅಗ್ಗಕ್ಕೆ ಒಪ್ಪಿಕೊಂಡ ಯಾರೋ ಕಟ್ಟಿದ್ದ, ಅದೂ ಕತ್ತು ಸೊಟ್ಟ ಮಾಡಿ.

“ಇದು ನಾನು ಬರೆದಿದ್ದಲ್ವಾ ಮೇಡಂ?” ಎಂದಳು ಶಿವು.

“ಒಂದು ಪೇಪರ್‌ಗೆ ಯಾಕಮ್ಮ ಇಷ್ಟು ರಾಗ ಎಳೀತೀಯ?” ಎಂದರು ಆಯಮ್ಮ.

ಹಾರವನ್ನು ಅವರ ಮುಖಕ್ಕೇ ಎಸೆಯಬೇಕು ಅನ್ನಿಸಿತು ನನಗೆ. ಹೀಗಾದದ್ದು ಅದೇ ಮೊದಲೂ ಅಲ್ಲ. ಶಿವು ಹಲ್ಲು ಕಚ್ಚಿಕೊಂಡು ಮನೆಗೆ ಬಂದಳು.

ಮಾರನೆಯ ದಿನ ನನ್ನನ್ನು ಎಸ್.ಪಿ. ರೋಡಿಗೆ ಎಳೆದುಕೊಂಡು ಹೋದಳು. ಇದು 2007ರ ಮಾತು. ಅಲ್ಲಿನ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಚಿಕ್ಕದೊಂದು ಲ್ಯಾಪ್‌ಟಾಪ್ ಇತ್ತು. ಅದರ ಪರದೆ ಗಿರ್ರನೆ ತಿರುಗಿ, ಕೀಬೋರ್ಡಿನ ಮೇಲೆ ಮಲಗಿ ಸ್ಲೇಟಾಗಿಬಿಡುತ್ತಿತ್ತು. ಪಕ್ಕದಲ್ಲಿ ಸಿಕ್ಕಿಸಿದ್ದ ಪೆನ್ನು ತೆಗೆದು ಅದರ ಮೇಲೆ ಬರೆಯಬಹುದಿತ್ತು, ಬೆರಳಿಂದ ಮುಟ್ಟಿದರೂ ಅದಕ್ಕೆ ತಿಳಿಯುತ್ತಿತ್ತು. ಶಿವು ಅದನ್ನು ಎಡಗೈ ಮೇಲೆ ಇಟ್ಟುಕೊಂಡು, ಅಂಗಡಿಯಲ್ಲೆಲ್ಲ ಓಡಾಡುತ್ತ, ಒಂದು ಇಡೀ ತೋರಣ ಬರೆದಳು. ಕೈ ಸೋಲಲಿಲ್ಲ. ಚಿತ್ರವನ್ನು ಎಲ್ಲರಿಗೂ ತೋರಿಸಬಹುದು, ಯಾರ ಕೈಯಲ್ಲೂ ಬಿಟ್ಟು ಬರಬೇಕಾಗಿಲ್ಲ. ಅವಳಿಗೆ ಬೇಕಿದ್ದದ್ದು ಇಷ್ಟೇ. ಹೊಸದನ್ನು ತರಿಸಿಕೊಡುತ್ತೇನೆಂದು ಅಂಗಡಿಯವನು ಮುಂಗಡ ತೆಗೆದುಕೊಂಡ.

ಅಷ್ಟರಲ್ಲಿ ಅಕ್ಷಯ ತೃತೀಯ ಬಂತು. ಶಿವು ಮಾರ್ಕೆಟ್ಟಿನಲ್ಲಿದ್ದಳು. ಅವಳು ಕೂಡಿಟ್ಟ ಹಣ ತೆಗೆದುಕೊಂಡು ನನ್ನ ಯಜಮಾನರು ಅಂಗಡಿಗೆ ಹೋದರು. ಬರುವಾಗ ಎರಡು ಕೈಯಲ್ಲಿ ಅಪ್ಪಿಕೊಂಡು ತಂದದ್ದು ಬೇರೆಯದೇ! ಟ್ರಂಕಿನಷ್ಟು ಭಾರ, ತಿರುಗುವುದೂ ಇಲ್ಲ, ಪೆನ್ನೂ ಇಲ್ಲ.

“ರೀ, ಇದ್ಯಾವುದು?” ಎಂದೆ.

“ಅದು ಸ್ಟಾಕಿಲ್ವಂತೆ ಕಣೆ. ರಾಹುಕಾಲ ಬರ್ತಿತ್ತು. ಇವತ್ತಿನ ದಿನ ಖಾಲಿ ಕೈಲಿ ಬರಕ್ಕಾಗುತ್ತಾ? ಸ್ಕ್ರೀನ್ ನೋಡು, ಟಿವಿ ಇದ್ದಂಗಿದೆ!”

ನಾನು ಬಾಯಿ ತೆರೆಯುವಷ್ಟರಲ್ಲಿ ಅದನ್ನು ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿಯೂ ಮುಗಿಸಿದರು. ಒಳ್ಳೆಯ ಗಳಿಗೆಯಂತೆ! ಯಾರಿಗೆ ಒಳ್ಳೆಯದು?

ಶಿವು ಬಂದು ನೋಡಿದಳು. ಮುಖ ಕೆಂಪಾಯಿತು.

“ವಾಪಸ್ ಕೊಟ್ಟು ಬರ್ತೀನಿ ಅಣ್ಣ.”

“ಪೂಜೆ ಆಗಿರೋದನ್ನ ಯಾರಾದ್ರೂ ವಾಪಸ್ ಕೊಡ್ತಾರಾ? ಲಕ್ಷ್ಮೀನ ಹೊರಗೆ ಕಳಿಸಿದಂಗೆ.”

“ಇದು ಲಕ್ಷ್ಮಿ ಅಲ್ಲ, ಬೀಸೋ ಕಲ್ಲು. ದುಡಿದೋಳು ನಾನು, ಹೊರೋಳು ನಾನು. ನನ್ನನ್ನ ಒಂದು ಮಾತು ಕೇಳಕ್ಕಾಗ್ಲಿಲ್ವಾ?”

ದುಪಟ್ಟಾದ ತುದಿಯಿಂದ ಕುಂಕುಮ ಒರೆಸಿದಳು. ಯಜಮಾನರು ಅಪಶಕುನ, ಅಪಶಕುನ ಎಂದು ಕೂಗುತ್ತಿದ್ದರು. ನಾನು ಕಟ್ಟಬೇಕಿದ್ದ ಮಲ್ಲಿಗೆಯ ಬುಟ್ಟಿ ತೆಗೆದುಕೊಂಡು ಅವಳ ಜೊತೆ ಹೊರಟೆ. ರಾಹುಕಾಲ ನಡೆಯುತ್ತಿತ್ತು, ನಡೆಯಲಿ ಎಂದುಕೊಂಡೆ.

ಅಂಗಡಿಯವನು ನಮ್ಮಿಬ್ಬರ ಹಿಂದೆ ಇಣುಕಿದ. “ಯಜಮಾನ್ರು ಬರ್ಲಿಲ್ವಾ ಮೇಡಂ?”

“ದುಡ್ಡು ನಂದು. ನನ್ನ ಹತ್ರ ಮಾತಾಡಿ,” ಎಂದಳು ಶಿವು.

ಅವನು ಸಂದಿಯಲ್ಲಿ ಉಳಿದಿದ್ದ ಕುಂಕುಮ ತೋರಿಸಿ, ವಾಪಸ್ ತೆಗೆದುಕೊಳ್ಳುವ ಪದ್ಧತಿ ಇಲ್ಲ ಎಂದ. ಶಿವು ಲ್ಯಾಪ್‌ಟಾಪನ್ನು ಅವನ ಎಡಗೈ ಮೇಲೆ ಇಟ್ಟಳು.

“ನಿಂತ್ಕೊಂಡು ಬರೀರಿ ನೋಡೋಣ.”

ಅವನ ಕೈ ಸೋತಿತು. ಮೇಜಿನ ಮೇಲೆ ಇಳಿಸಿದ.

“ಛತ್ರದಲ್ಲಿ ನನಗೆ ಯಾರೂ ಟೇಬಲ್ ಹಾಕಿಕೊಡಲ್ಲ ಸಾರ್. ನಾನು ಕೇಳಿದ್ದು ಕೊಡೋವರೆಗೂ ಇಲ್ಲೇ ಇರ್ತೀವಿ.”

ಇಬ್ಬರೂ ಅಂಗಡಿಯ ಮೆಟ್ಟಿಲಿಗೆ ಅಡ್ಡ ಕೂತು ಹೂ ಕಟ್ಟತೊಡಗಿದೆವು. ಹಬ್ಬದ ವ್ಯಾಪಾರದ ದಿನ. ಬಂದ ಗಿರಾಕಿಗಳೆಲ್ಲ ಏನಾಯ್ತಮ್ಮ ಎಂದು ಕೇಳುವವರೇ. ನಾನು ಎಲ್ಲರಿಗೂ ಮೊದಲಿನಿಂದ ಹೇಳಿದೆ, ಸ್ವಲ್ಪ ಜೋರಾಗಿಯೇ. ಬುಟ್ಟಿ ಅರ್ಧ ಆಗುವಷ್ಟರಲ್ಲಿ ಅಂಗಡಿಯವನು ದೊಡ್ಡದನ್ನು ವಾಪಸ್ ತೆಗೆದುಕೊಂಡು, ಒಳಗಿನಿಂದ ಸೀಲು ಒಡೆಯದ ಪೆಟ್ಟಿಗೆ ತಂದಿಟ್ಟ. ಅದೇ ತಿರುಗುವ ಲ್ಯಾಪ್‌ಟಾಪ್! ಸ್ಟಾಕು ಮೊದಲಿನಿಂದಲೂ ಇತ್ತು. ಮಾರಾಟವಾಗದೆ ಕೂತಿದ್ದ ದೊಡ್ಡದನ್ನು, ಗಳಿಗೆಗೆ ಅವಸರಪಡುವ ಗಂಡಸು ಸಿಕ್ಕನೆಂದು ತಲೆಗೆ ಕಟ್ಟಿದ್ದ. ನನ್ನ ಪಿತ್ತ ನೆತ್ತಿಗೇರಿತು. ಶಿವು ಮಾತ್ರ ಅವನ ಕಡೆ ನೋಡದೆ ಪೆನ್ನು ಸರಿಯಾಗಿ ಓಡುತ್ತದೋ ಎಂದು ನೋಡುತ್ತಿದ್ದಳು.

ಆ ವರ್ಷವೇ ಮಹಾನಂದಮ್ಮನ ಫೋನ್ ಮತ್ತೆ ಬಂತು. ಕಿರಿಯ ಮಗಳ ಮದುವೆ. ಆ ಅಗ್ಗದವನ ಹಂಸ ಮುಹೂರ್ತಕ್ಕೆ ಮುಂಚೆಯೇ ಉದುರಿತ್ತಂತೆ. ಹೋಗಬೇಡ ಎಂದೆ. ಶಿವು ಹೋದಳು, ನನ್ನನ್ನೂ ಕರೆದುಕೊಂಡು.

ಖಾಲಿ ವೇದಿಕೆಯ ಎದುರು ನಿಂತು, ಎಡಗೈ ಮೇಲೆ ಲ್ಯಾಪ್‌ಟಾಪ್ ಇಟ್ಟು, ನವಿಲು ಬರೆದಳು. ಪರದೆಯನ್ನು ಆಯಮ್ಮನ ಕಡೆ ತಿರುಗಿಸಿದಳು. ಅವರು ಗರಿಯನ್ನು ಬೆರಳಿಂದ ಮುಟ್ಟಿ ಮುಟ್ಟಿ ಖುಷಿಪಟ್ಟರು. ಆಮೇಲೆ ಬ್ಯಾಗಿನ ಬಾಯಿ ತೆರೆದು, “ಪೇಪರ್‌ನಲ್ಲಿ ಕೊಡಮ್ಮ, ಮನೇಲಿ ತೋರಿಸ್ತೀನಿ” ಎಂದರು.

“ಮನೆಯವರನ್ನ ಇಲ್ಲಿಗೇ ಕರ್ಕೊಂಡ್ ಬನ್ನಿ ಮೇಡಂ. ಇಲ್ಲೇ ತೋರಿಸ್ತೀನಿ.”

“ಯಾಕಮ್ಮ, ನನ್ನ ಮೇಲೆ ನಂಬಿಕೆ ಇಲ್ವಾ?”

ಶಿವು ಪೆನ್ನನ್ನು ಅದರ ಜಾಗಕ್ಕೆ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಟಪ್ಪೆಂದು ಮುಚ್ಚಿದಳು.

“ಇಲ್ಲ,” ಎಂದಳು.